ಹನ್ನೊಂದರಿಂದ ನಾಲ್ಕರವರೆಗಿನ ಹೊತ್ತು

ನಮಸ್ಕಾರ ಸರ್,

ದಾವಣಗೆರೆಯಿಂದ ನೀವು ಬರೆದ ಉದ್ದನೆಯ ಪತ್ರ ತಲುಪಿತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗೆ ವಿಷಯ ಗೊತ್ತಾಗಲಿ ಅಂತ ನಿಮ್ಮ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಭೂಮಾಪನ ಇಲಾಖೆಯಲ್ಲಿ 34 ವರ್ಷ ಸರ್ವೆಯರ್ ಆಗಿ ದುಡಿದಿರಿ. ಕಳೆದ ವರ್ಷ 60 ತುಂಬಿದ ತಿಂಗಳ ಕೊನೆಯ ದಿನ ಶಾಲು, ಪೇಟ, ಹಣ್ಣಿನ ಬುಟ್ಟಿಯ ಜೊತೆ ಮನೆಗೆ ಬಂದಿರಿ. ಪಿಂಚಣಿ ಬರುತ್ತಿದೆ. ಮಗ ಪುಣೆಯಲ್ಲಿ, ಮಗಳು ಬೆಂಗಳೂರಿನಲ್ಲಿ. ವಾಕಿಂಗು, ಪೇಪರು, ತಿಂಡಿ ಮುಗಿಯುವಷ್ಟರಲ್ಲಿ ಹತ್ತೂವರೆ ಆಗುತ್ತದೆ. ಆಮೇಲೆ ಹನ್ನೊಂದರಿಂದ ನಾಲ್ಕರವರೆಗೆ ಏನು ಮಾಡಬೇಕೋ ತಿಳಿಯುವುದಿಲ್ಲ. ದಿನಕ್ಕೆ ಐವತ್ತು ಸಲ ಹೊಡೆದುಕೊಳ್ಳುತ್ತಿದ್ದ ಫೋನು ಈಗ ಸುಮ್ಮನಿದೆ. ಎಲ್ಲರೂ ಒಂದು ಹವ್ಯಾಸ ಮಾಡಿಕೊಳ್ಳಿ ಅನ್ನುತ್ತಾರೆ, ನನಗೋ ಅಳತೆ ಬಿಟ್ಟರೆ ಇನ್ನೇನೂ ಬರುವುದಿಲ್ಲ ಅಂದಿದ್ದೀರಿ. ಲೇಔಟ್ ಮಾಡುವ ಗೆಳೆಯರೊಬ್ಬರು ಅವರ ಆಫೀಸಿನಲ್ಲಿ ಬಂದು ಕೂರಿ ಅಂತ ಕರೆದಿದ್ದಾರೆ, ಹೋಗಲಾ ಬೇಡವಾ ಅಂತ ಕೊನೆಗೆ ಕೇಳಿದ್ದೀರಿ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ದುಡ್ಡಿನ ಅಗತ್ಯ ಇದ್ದರೆ ಹೋಗಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಪಿಂಚಣಿ ಸಾಕು ಅಂತ ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ಅಲ್ಲಿ ನಿಮಗೆ ಸಿಗುವುದು ಮತ್ತೆ ಹೊಡೆದುಕೊಳ್ಳುವ ಫೋನು ಮಾತ್ರ. ಅದೂ ನಿಮ್ಮ ಕೆಲಸ ಬೇಕು ಅಂತ ಬರುವ ಕರೆಗಿಂತ, ನಿಮಗೆ ಆಫೀಸಿನಲ್ಲಿ ಯಾರ್ಯಾರು ಗೊತ್ತು ಅಂತ ಬರುವ ಕರೆಗಳೇ ಜಾಸ್ತಿ ಇರುತ್ತವೆ. 34 ವರ್ಷ ಗಳಿಸಿದ ಹೆಸರನ್ನು ಹಾಗೆ ಬಳಸಿಕೊಳ್ಳಲು ಬಿಡಬೇಡಿ ಅಂತ ನನ್ನ ಮನಸ್ಸು ಹೇಳುತ್ತದೆ.

ಈಗ ಹವ್ಯಾಸದ ವಿಷಯ. ನಿವೃತ್ತರಿಗೆ ಎಲ್ಲರೂ ಕೊಡುವ ಪಟ್ಟಿ ಒಂದೇ: ಯೋಗ, ತೋಟ, ದೇವಸ್ಥಾನ, ಮೊಮ್ಮಕ್ಕಳು, ಪ್ರವಾಸ. ಎಲ್ಲವೂ ಒಳ್ಳೆಯದೇ. ಆದರೆ ಇವತ್ತು ಮಾಡದಿದ್ದರೆ ಯಾರೂ ಕೇಳುವುದಿಲ್ಲ. ನಿಮಗೆ ತೊಂದರೆ ಕೊಡುತ್ತಿರುವುದು ಅದೇ ಅಲ್ವಾ? ಇಷ್ಟು ವರ್ಷ ನೀವು ಒಂದು ದಿನ ಹೋಗದಿದ್ದರೆ ಯಾವುದೋ ಹಳ್ಳಿಯಲ್ಲಿ ಇಬ್ಬರು ಅಣ್ಣತಮ್ಮಂದಿರು ಬದುವಿನ ಮೇಲೆ ನಿಂತು ಕಾಯುತ್ತಿದ್ದರು. ಈಗ ಯಾರೂ ಕಾಯುತ್ತಿಲ್ಲ. ಹಾಗಾಗಿ ನಿಮಗೆ ಹವ್ಯಾಸಕ್ಕಿಂತ, ನಿಮಗಾಗಿ ಯಾರಾದರೂ ಕಾಯುವ ಕೆಲಸ ಬೇಕು. ಅದರಲ್ಲಿ ನಿಮಗೆ ಗೊತ್ತಿರುವುದು ಸ್ವಲ್ಪ ಇರಬೇಕು, ಗೊತ್ತಿಲ್ಲದ್ದು ಬೇಕಾದಷ್ಟು ಇರಬೇಕು.

ನಿಘಂಟಿನ ಜಿ. ವೆಂಕಟಸುಬ್ಬಯ್ಯನವರು ನೆನಪಾಗುತ್ತಾರೆ. 1913ರಲ್ಲಿ ಹುಟ್ಟಿದವರು. ಕಾಲೇಜಿನ ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷ ಆದ ಮೇಲೆ, 1991ರಲ್ಲಿ, ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಅಂಕಣ ಶುರು ಮಾಡಿದರು. ಆಗ ಅವರಿಗೆ 78ರ ಆಸುಪಾಸು. 2021ರಲ್ಲಿ ತೀರಿಕೊಂಡಾಗ 107 ವರ್ಷ. ಅವರು ದೊಡ್ಡವರು, ನಮ್ಮಂಥವರಿಗೆ ಆ ಮಾತು ಹೊಂದುವುದಿಲ್ಲ ಅನ್ನಬೇಡಿ. ನನಗೆ ಮುಖ್ಯ ಅನ್ನಿಸುವುದು ಅವರ ಪಾಂಡಿತ್ಯಕ್ಕಿಂತ ಆ ಅಂಕಣದ ರೀತಿ. ಯಾರೋ ಒಬ್ಬರು ಒಂದು ಪದದ ಬಗ್ಗೆ ಕೇಳಿ ಬರೆಯುತ್ತಿದ್ದರು, ಇವರು ಹುಡುಕಿ ಉತ್ತರ ಕೊಡಬೇಕಿತ್ತು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಬಂದಿರುತ್ತಿತ್ತು.

ನಿಮ್ಮ ಪತ್ರದಲ್ಲಿ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಹರಿಹರದ ದೇವಸ್ಥಾನಕ್ಕೆ ಹೋದಾಗಲೆಲ್ಲ ಅಂಗಳದಲ್ಲಿ ನಿಂತಿರುವ ಎತ್ತರದ ಶಾಸನದ ಕಲ್ಲುಗಳನ್ನು ನೋಡುತ್ತಾ ನಿಲ್ಲುತ್ತೇನೆ, ಒಂದು ಅಕ್ಷರವೂ ಓದಲು ಬರುವುದಿಲ್ಲ ಅಂತ ಹಾಗೇ ಬರೆದು ಮುಂದೆ ಹೋಗಿದ್ದೀರಿ. ನಾನು ಮುಂದೆ ಹೋಗಲಾರೆ. ಸರ್, ನೀವು ಜೀವನ ಪೂರ್ತಿ ಮಾಡಿದ ಕೆಲಸವೇ ಆ ಕಲ್ಲುಗಳ ಮೇಲಿದೆ. ನಮ್ಮ ಶಾಸನಗಳಲ್ಲಿ ಎಷ್ಟೋ ಪಾಲು ಭೂಮಿ ದಾನದ ದಾಖಲೆಗಳು. ರಾಜನ ಹೊಗಳಿಕೆ ದಾಟಿಕೊಂಡು ಕೆಳಗೆ ಬಂದರೆ ಸಿಗುವುದು ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಗದ್ದೆ ಎಷ್ಟು, ಬೆದ್ದಲು ಎಷ್ಟು, ಮೂಡಲಿಗೆ ಯಾವ ಹಳ್ಳ, ತೆಂಕಲಿಗೆ ಯಾವ ಹುಣಸೆ ಮರ, ಪಡುವಲಿಗೆ ಯಾವ ನಟ್ಟ ಕಲ್ಲು. ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ! ನೀವು ಟಿಪ್ಪಣಿ ಪುಸ್ತಕದಲ್ಲಿ ಬರೆದದ್ದನ್ನು ಅವರು ಕಲ್ಲಿನಲ್ಲಿ ಕೊರೆದಿದ್ದಾರೆ. ಭೂಮಿ ಶಿವನ ಗುಡಿಗೆ ಬಿಟ್ಟದ್ದಾದರೆ ಮೂಲೆಗಳಲ್ಲಿ ಲಿಂಗಮುದ್ರೆ ಕಲ್ಲು, ಬ್ರಾಹ್ಮಣರಿಗೆ ಬಿಟ್ಟದ್ದಾದರೆ ವಾಮನಮುದ್ರೆ ಕಲ್ಲು ನೆಡುತ್ತಿದ್ದರು. ಅವೆಲ್ಲ ಆ ಕಾಲದ ಬಾಂದುಕಲ್ಲುಗಳು. ಇದನ್ನು ಕಿತ್ತುಕೊಂಡವನು 60 ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಅನ್ನುವ ಶಾಪದ ಶ್ಲೋಕ ಕೊನೆಯಲ್ಲಿ ಇರುವುದೂ ಒತ್ತುವರಿಯ ಭಯದಿಂದಲೇ. ಒತ್ತುವರಿ ತೆರವು ಎಷ್ಟು ಕಷ್ಟ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಳತೆಯ ವಿಷಯಕ್ಕೆ ಬಂದರೆ ನಿಮಗೆ ಇನ್ನೂ ಖುಷಿಯಾಗುತ್ತದೆ. ನಿಮ್ಮ ಲೆಕ್ಕದಲ್ಲಿ 33 ಅಡಿಗೆ 33 ಅಡಿ ಒಂದು ಗುಂಟೆ, 40 ಗುಂಟೆಗೆ ಎಕರೆ, ಅದು ಎಲ್ಲಿ ಹೋದರೂ ಅಷ್ಟೇ. ಶಾಸನಗಳಲ್ಲಿ ಭೂಮಿಯ ಅಳತೆ ಮತ್ತರು, ಕಂಬ ಅಂತ ಬರುತ್ತದೆ. ಅಳೆಯಲು ಗಳೆ, ಅಂದರೆ ಅಳತೆಕೋಲು. ಆ ಗಳೆ ಎಲ್ಲ ಕಡೆ ಒಂದೇ ಉದ್ದ ಇರಲಿಲ್ಲ. ಹಾಗಾಗಿ ಎಲ್ಲ ಕಡೆಯ ಮತ್ತರೂ ಒಂದೇ ಅಲ್ಲ. ಕೆಲವು ದೇವಸ್ಥಾನಗಳಲ್ಲಿ ಕಲ್ಲಿನ ಮೇಲೆ ಗಳೆಯ ಉದ್ದವನ್ನೇ ಗೀಚಿ ಇಟ್ಟಿದ್ದಾರೆ, ತಕರಾರು ಬಂದರೆ ಅಲ್ಲಿ ಹೋಗಿ ಸರಿನೋಡಲಿ ಅಂತ. ಇಂಥ ಕಡೆ ಕನ್ನಡ ಎಂ.ಎ. ಮಾಡಿದ ನಮ್ಮಂಥವರು ಪದದ ಅರ್ಥ ನೋಡಿ ಸುಮ್ಮನಾಗುತ್ತೇವೆ. ಸರಪಳಿ ಎಳೆದು ಅಭ್ಯಾಸ ಇರುವವರಿಗೆ ಹೊಲವೇ ಕಣ್ಣಿಗೆ ಕಾಣುತ್ತದೆ. ಹಳ್ಳ, ಹಳೆಯ ದಾರಿ, ಕೆರೆ ಏರಿ ನೋಡಿ, ಈ ಗಡಿ ಇವತ್ತಿನ ಇಂಥ ಸರ್ವೆ ನಂಬರಿನ ಹತ್ತಿರ ಬರಬೇಕು ಅಂತ ಹೇಳಬಲ್ಲವರು ನೀವೇ.

ಇನ್ನು ಓದುವುದು ಕಲಿಯುವ ದಾರಿ. ಹರಿಹರೇಶ್ವರ ದೇವಸ್ಥಾನವನ್ನು ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ಪೋಲಾಳ್ವ ದಂಡನಾಯಕ ಕಟ್ಟಿಸಿದ. ಅಲ್ಲಿನ ಶಾಸನಗಳ ಪಾಠ ಬಿ.ಎಲ್. ರೈಸ್ ಅವರು ತಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಶಾಸನ ಸಂಗ್ರಹದ 11ನೇ ಸಂಪುಟದಲ್ಲಿದೆ. ಅದು ಚಿತ್ರದುರ್ಗ ಜಿಲ್ಲೆಯ ಸಂಪುಟ. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ರೈಸ್ ಕಾಲಕ್ಕೆ ಅದು ಅಲ್ಲಿನ ಒಂದು ತಾಲ್ಲೂಕು. ಹಳೆಯ ಸಂಪುಟಗಳ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಪುಸ್ತಕದಲ್ಲಿರುವ ಪಾಠವನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಕಲ್ಲಿನ ಮುಂದೆ ನಿಲ್ಲಿ. ಮೊದಲು ಅದೇ ಕಲ್ಲಿನಲ್ಲಿ 'ಶ್ರೀ' ಹುಡುಕಿ, 'ಸ್ವಸ್ತಿ' ಹುಡುಕಿ. ಒಂದು ಪದ ಸಿಕ್ಕರೆ ಅದರ ಅಕ್ಷರಗಳನ್ನು ಹಿಡಿದುಕೊಂಡು ಮುಂದಿನ ಪದಕ್ಕೆ ಹೋಗಿ. ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ ಬರೆಯುವ ಪದ್ಧತಿ ಆಗ ಇರಲಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮ ಯಾವುದು ವ ಯಾವುದು ಅಂತ ಬಹಳ ದಿನ ಗೊಂದಲ ಇರುತ್ತದೆ. ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿಂದ ಬೀಳುವಾಗ ಅಕ್ಷರ ಮಸುಕಾಗುತ್ತದೆ, ಬೆಳಿಗ್ಗೆ ಅಥವಾ ಸಂಜೆ ಹೋಗಿ. ನೆರಳಿನಲ್ಲಿರುವ ಕಲ್ಲಾದರೆ ಫೋನಿನ ಟಾರ್ಚನ್ನು ಕಲ್ಲಿಗೆ ಒತ್ತಿಕೊಂಡಂತೆ ಪಕ್ಕದಿಂದ ಹಿಡಿಯಿರಿ. ನೇರ ಬೆಳಕಿನಲ್ಲಿ ಬರೀ ಒರಟು ಕಲ್ಲಾಗಿ ಕಂಡದ್ದು ಆ ಅಡ್ಡ ಬೆಳಕಿನಲ್ಲಿ ಸಾಲುಸಾಲಾಗಿ ಎದ್ದು ಬರುತ್ತದೆ. ದಯವಿಟ್ಟು ಸುಣ್ಣ, ಬಣ್ಣ, ಎಣ್ಣೆ ಯಾವುದನ್ನೂ ಹಚ್ಚಬೇಡಿ. ಕ್ರಮವಾಗಿ ಕಲಿಯಬೇಕು ಅನ್ನಿಸಿದರೆ ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ಡಿಪ್ಲೊಮಾ ನಡೆಸುತ್ತದೆ, ವಿಚಾರಿಸಿ.

ಆದರೆ ಇದರಲ್ಲಿ ಕಾಯುವವರು ಯಾರು ಅಂತ ಕೇಳುತ್ತೀರಿ. ಕೇಳಲೇಬೇಕು. ರೈಸ್ ಸಂಪುಟದಲ್ಲಿ ಪ್ರತಿ ಶಾಸನದ ಮೇಲೆ ಅದು ಯಾವ ಊರಿನಲ್ಲಿ, ಯಾವ ಗುಡಿಯ ಮುಂದೆ, ಯಾರ ಹೊಲದಲ್ಲಿ ಇದೆ ಅಂತ ಒಂದು ಸಾಲು ಇರುತ್ತದೆ. ನೂರು ವರ್ಷದ ಮೇಲಾಯಿತು. ಈ ನಡುವೆ ರಸ್ತೆ ಅಗಲ ಮಾಡುವಾಗ, ಗುಡಿ ಜೀರ್ಣೋದ್ಧಾರ ಮಾಡುವಾಗ, ಮನೆ ಕಟ್ಟುವಾಗ ಎಷ್ಟೋ ಕಲ್ಲುಗಳು ಚರಂಡಿಗೆ ಚಪ್ಪಡಿಯಾಗಿವೆ, ಆಯಿಲ್ ಪೇಂಟ್ ಬಳಿಸಿಕೊಂಡಿವೆ. ಬೆಂಗಳೂರಿನ ಸುತ್ತ ಇತಿಹಾಸದ ಅಧ್ಯಯನ ಮಾಡುವ ಮಿಥಿಕ್ ಸೊಸೈಟಿ ಸಂಸ್ಥೆಯವರು ಶಾಸನಗಳನ್ನು ಹುಡುಕಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಡುವ ಕೆಲಸ ಮಾಡುತ್ತಿದ್ದಾರೆ. ನಿಮ್ಮ ತಾಲ್ಲೂಕಿನಲ್ಲಿ ಊರೂರಿಗೆ ಹೋಗಿ ಕಲ್ಲು ಇದೆಯಾ ಇಲ್ಲವಾ ಅಂತ ನೋಡಲು ನಿಮಗಿಂತ ತಕ್ಕವರನ್ನು ನಾನು ಕಾಣೆ. ಪ್ರತಿ ಊರಿನ ದಾರಿ ನಿಮಗೆ ಗೊತ್ತು, ಜನ ಗೊತ್ತು, ಯಾವ ಹೊಲಕ್ಕೆ ಎಲ್ಲಿಂದ ಇಳಿಯಬೇಕು ಅಂತ ಗೊತ್ತು. ಹೋದ ಊರಿನ ಶಾಲೆಯ ಮೇಷ್ಟ್ರಿಗೆ ಮೊದಲೇ ಹೇಳಿಟ್ಟು, ಎಂಟನೇ ತರಗತಿಯ ಮಕ್ಕಳನ್ನು ಆ ಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ ಅವರ ಊರಿನ ಹೆಸರು ಎಂಟು ನೂರು ವರ್ಷದ ಹಿಂದೆ ಹೇಗಿತ್ತು ಅಂತ ತೋರಿಸಿ. ಒಂದು ಸಲ ತೋರಿಸಿದರೆ ಪಕ್ಕದ ಊರಿನ ಶಾಲೆಯವರು ನಿಮ್ಮ ನಂಬರ್ ಕೇಳುತ್ತಾರೆ. ಊರಿನವರಿಗೆ ಆ ಕಲ್ಲು ಏನು ಅಂತ ಗೊತ್ತಾದರೆ ಅದು ಉಳಿಯುವ ಸಾಧ್ಯತೆಯೂ ಹೆಚ್ಚು.

ಹಳ್ಳಿ ತಿರುಗಲು ಆಗದ ದಿನಗಳೂ ಇರುತ್ತವೆ. ಅದಕ್ಕೆ ಇನ್ನೊಂದು ಕೆಲಸ ಹೇಳುತ್ತೇನೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅರೆ ಕಾನೂನು ಸ್ವಯಂಸೇವಕರನ್ನು (ಪ್ಯಾರಾ ಲೀಗಲ್ ವಾಲಂಟಿಯರ್) ತೆಗೆದುಕೊಳ್ಳುತ್ತದೆ. 2009ರಿಂದ ಇರುವ ಈ ಯೋಜನೆಯಲ್ಲಿ ನಿವೃತ್ತ ಸರ್ಕಾರಿ ನೌಕರರಿಗೆ, ಹಿರಿಯ ನಾಗರಿಕರಿಗೆ ಅವಕಾಶ ಇದೆ. ತರಬೇತಿ ಅವರೇ ಕೊಡುತ್ತಾರೆ. ಪೋಡಿ (ಜಮೀನಿನ ಪಾಲು ಬೇರೆ ಮಾಡುವುದು) ಆಗಿಲ್ಲ, ಹದ್ದುಬಸ್ತಿಗೆ (ಗಡಿ ಗುರುತಿಸಲು) ಅರ್ಜಿ ಕೊಟ್ಟು ವರ್ಷ ಆಯಿತು, ಪಹಣಿಯಲ್ಲಿ ಒಂದು ವಿಸ್ತೀರ್ಣ, ಸರ್ವೆ ದಾಖಲೆಯಾದ ಆಕಾರ್‌ಬಂದ್‌ನಲ್ಲಿ ಇನ್ನೊಂದು ಅಂತ ಕಾಗದ ಹಿಡಿದುಕೊಂಡು ಬರುವ ರೈತನಿಗೆ, ಸಮಸ್ಯೆ ಎಲ್ಲಿದೆ, ಯಾವ ಟೇಬಲ್ಲಿಗೆ ಹೋಗಬೇಕು, ಅರ್ಜಿಯಲ್ಲಿ ಏನು ಬರೆಯಬೇಕು ಅಂತ ಹತ್ತು ನಿಮಿಷದಲ್ಲಿ ಹೇಳುವ ಮನುಷ್ಯ ಸಿಕ್ಕರೆ ಅದು ಎಷ್ಟು ದೊಡ್ಡದು! ಮಧ್ಯವರ್ತಿಗೆ ಕೊಡುವ ದುಡ್ಡು ಉಳಿಯುತ್ತದೆ, ಅಣ್ಣತಮ್ಮಂದಿರ ಜಗಳ ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ ಮುಗಿಯಬಹುದು. ವಾರಕ್ಕೆ ಎರಡು ದಿನ ಸಾಕು.

ನಿಮ್ಮ ಮನೆಯವರ ಬಗ್ಗೆ ಒಂದು ಮಾತು. 'ಇಡೀ ದಿನ ಮನೆಯಲ್ಲೇ ಇರುತ್ತೀರಿ, ಎಲ್ಲಾದರೂ ಹೋಗಿ ಬನ್ನಿ' ಅಂತ ಅವರು ರೇಗಿದ್ದನ್ನು ನೋವಿನಿಂದ ಬರೆದಿದ್ದೀರಿ. ನನಗೆ ಅವರ ಮಾತು ನ್ಯಾಯ ಅನ್ನಿಸುತ್ತದೆ. ಹನ್ನೊಂದರಿಂದ ನಾಲ್ಕು ಇಷ್ಟು ವರ್ಷ ಅವರ ಹೊತ್ತಾಗಿತ್ತು. ಕೆಲಸ ಮುಗಿಸಿ ಸ್ವಲ್ಪ ಮಲಗುವುದು, ತಂಗಿಗೆ ಫೋನ್ ಮಾಡುವುದು, ಪಕ್ಕದ ಮನೆಯವರ ಜೊತೆ ಮಾತು. ಈಗ ಆ ಹೊತ್ತಿನಲ್ಲಿ ಎರಡು ಸಲ ಕಾಫಿ ಕೇಳುವವರು ಹಾಲ್‌ನಲ್ಲಿ ಕೂತಿದ್ದಾರೆ. ನೀವು ನಿವೃತ್ತರಾದಿರಿ, ಅವರ ಕೆಲಸ ಜಾಸ್ತಿಯಾಯಿತು. ಒಂದು ಹೊತ್ತಿನ ಅಡುಗೆ ನೀವು ವಹಿಸಿಕೊಳ್ಳಿ, ಸಹಾಯ ಅಂತ ಅಲ್ಲ, ಪೂರ್ತಿಯಾಗಿ, ತರಕಾರಿ ತರುವುದರಿಂದ ಪಾತ್ರೆ ತೊಳೆಯುವವರೆಗೆ. ಅವರಿಗೆ ಏನು ಕಲಿಯುವ ಆಸೆ ಇತ್ತು ಅಂತಲೂ ಕೇಳಿ. ನಿಮ್ಮ ಪತ್ರದಲ್ಲಿ ಆ ಪ್ರಶ್ನೆ ಇರಲಿಲ್ಲ.

ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತದೆ, ಊಟ ರುಚಿಸುವುದಿಲ್ಲ ಅಂತಲೂ ಬರೆದಿದ್ದೀರಿ. ಎರಡು ವಾರಕ್ಕಿಂತ ಹೆಚ್ಚು ಹೀಗೇ ಇದ್ದರೆ ಅದು ಬರೀ ಬೇಜಾರು ಅಂತ ಬಿಡಬೇಡಿ, ಡಾಕ್ಟರಿಗೆ ತೋರಿಸಿ. 14416 ಅನ್ನುವ ಟೆಲಿ ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) ನಂಬರಿಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬಿಪಿ ಮಾತ್ರೆ ತೆಗೆದುಕೊಳ್ಳಲು ನಾಚಿಕೆ ಪಡುತ್ತೀರಾ? ಇದಕ್ಕೂ ಬೇಡ.

ಕೊನೆಗೆ ನನ್ನದೊಂದು ಬೇಡಿಕೆ. ನಿಮ್ಮ ತಾಲ್ಲೂಕಿನ ಯಾವುದಾದರೂ ಒಂದು ಹೋಬಳಿ ಹಿಡಿಯಿರಿ. ಸಂಪುಟದ ಪ್ರಕಾರ ಅಲ್ಲಿ ಎಷ್ಟು ಶಾಸನ ಇರಬೇಕಿತ್ತು, ಈಗ ಎಷ್ಟು ಸಿಕ್ಕವು, ಯಾವ ಸ್ಥಿತಿಯಲ್ಲಿವೆ ಅಂತ ಒಂದು ಪಟ್ಟಿ ಮಾಡಿ. ಪ್ರತಿ ಕಲ್ಲಿಗೆ ಒಂದು ಫೋಟೊ, ಎತ್ತರ ಅಗಲ, ಇವತ್ತಿನ ಸರ್ವೆ ನಂಬರು ಸಾಕು. ಬರಹ ಚೆನ್ನಾಗಿರಬೇಕು ಅಂತೇನೂ ಇಲ್ಲ, ನೀವು ಮಹಜರು ಬರೆಯುತ್ತಿದ್ದ ರೀತಿಯಲ್ಲೇ ಬರೆಯಿರಿ, ತಿದ್ದುವುದು ನಮ್ಮ ಕೆಲಸ. ದೀಪಾವಳಿ ಸಂಚಿಕೆಗೆ ಎರಡು ಪುಟ ನಿಮ್ಮ ಹೆಸರಿನಲ್ಲಿ ಖಾಲಿ ಇಡುತ್ತಿದ್ದೇನೆ. ಅದಕ್ಕೆ ಒಂದು ತಿಂಗಳು ಮೊದಲು ಪಟ್ಟಿ ನಮ್ಮ ಕೈಗೆ ಬರಬೇಕು. ತಡವಾಗುವ ಹಾಗಿದ್ದರೆ ಮೊದಲೇ ಒಂದು ಫೋನ್ ಮಾಡಿ.

— ಸಂಪಾದಕ