ತೂಕ ಇಳಿದ ಮೇಲೆ ಕವಿದ ಖಿನ್ನತೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮಹಿಳೆ, ವಯಸ್ಸು 39. ಗ್ಯಾಸ್ಟ್ರಿಕ್ ಬೈಪಾಸ್ (ತೂಕ ಇಳಿಸಲು ಜಠರ, ಕರುಳಿಗೆ ಮಾಡುವ ಶಸ್ತ್ರಚಿಕಿತ್ಸೆ) ಆಗಿ 14 ತಿಂಗಳು, ಇಳಿದದ್ದು 36 ಕಿಲೋ. ಸಕ್ಕರೆ ಕಾಯಿಲೆಯ ಮಾತ್ರೆ ನಿಂತಿತ್ತು, ಮಂಡಿನೋವು ತಗ್ಗಿತ್ತು. ಆದರೂ ಎರಡು ತಿಂಗಳಿಂದ ಹಾಸಿಗೆ ಬಿಟ್ಟೇಳಲು ಮನಸ್ಸಿಲ್ಲ, ಸ್ನಾನವೂ ಭಾರ, ಸಣ್ಣದಕ್ಕೂ ಅಳು. "ತೂಕ ಇಳೀತಲ್ಲ, ಇನ್ನೇನಾಗಬೇಕು ನಿನಗೆ?" ಎಂದು ಗಂಡ ಕೇಳಿದ ಮೇಲೆ ಯಾರ ಹತ್ತಿರವೂ ಹೇಳಿಕೊಳ್ಳುವುದನ್ನೇ ಬಿಟ್ಟಿದ್ದರು. ಪಿಎಚ್‌ಕ್ಯೂ-9 ಎಂಬ, ಖಿನ್ನತೆಯ ತೀವ್ರತೆ ಅಳೆಯುವ ಪ್ರಶ್ನಾವಳಿಯಲ್ಲಿ 27ಕ್ಕೆ 17 ಅಂಕ ಬಂತು. 10 ಮುಟ್ಟಿದರೇ ಗಮನ ಕೊಡಬೇಕು.

ಆ ಪ್ರಶ್ನಾವಳಿಯ ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದು. ಅಲ್ಲಿ "ಕೆಲವು ದಿನ" ಎಂದು ಗುರುತು ಹಾಕಿದ್ದರು. ಇದನ್ನು ಸುತ್ತಿಬಳಸಿ ಕೇಳಬಾರದು, ನೇರವಾಗಿ ಕೇಳಬೇಕು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಉಪಾಯವಾಗಲಿ ತಯಾರಿಯಾಗಲಿ ಇರಲಿಲ್ಲ, "ಬೆಳಗಾಗದಿದ್ದರೆ ಚೆನ್ನಾಗಿತ್ತು" ಎಂಬಷ್ಟೇ ಇತ್ತು. ಆದರೂ ಮನೆಯ ಮಾತ್ರೆಗಳನ್ನೆಲ್ಲ ಗಂಡನ ವಶಕ್ಕೆ ಕೊಡಿಸಿ, ಇವರ ಕೈಗೆ ವಾರಕ್ಕಾಗುವಷ್ಟೇ ಸಿಗುವಂತೆ ಮಾಡಿದೆವು. ಯೋಚನೆ ಜೋರಾದರೆ ಯಾರಿಗೆ ಮೊದಲು ಫೋನ್ ಮಾಡಬೇಕು, ಅವರು ಸಿಗದಿದ್ದರೆ ಯಾರಿಗೆ, ತುರ್ತು ಚಿಕಿತ್ಸೆಗೆ ಎಲ್ಲಿಗೆ ಹೋಗಬೇಕು ಎಂಬುದನ್ನು ಅವರದೇ ಅಕ್ಷರದಲ್ಲಿ ಬರೆಸಿದೆವು.

ಇಂಥ ಪ್ರಕರಣದಲ್ಲಿ ಮನಸ್ಸಿನ ಮಾತು ಬೆಳೆಸುವ ಮೊದಲೇ ಹೊಟ್ಟೆಯ ಲೆಕ್ಕ ನೋಡಬೇಕು. ಬೈಪಾಸ್ ಆದಮೇಲೆ ಜಠರದ ಬಹುಭಾಗಕ್ಕೂ ಸಣ್ಣ ಕರುಳಿನ ಮೊದಲ ಭಾಗಕ್ಕೂ ಆಹಾರ ಹೋಗುವುದಿಲ್ಲ. ಬಿ12, ಕಬ್ಬಿಣ ದೇಹಕ್ಕೆ ಸೇರುವುದು ಕಡಿಮೆಯಾಗುತ್ತದೆ. ಎರಡರ ಕೊರತೆಯೂ ಸುಸ್ತು, ಮಂಕುತನ ತರುತ್ತದೆ; ಅದನ್ನು ಬರೀ ಬೇಸರ ಎಂದುಕೊಳ್ಳುವುದು ಸುಲಭ. ಹೊಟ್ಟೆ ತೊಳಸುತ್ತದೆಂದು ಇವರು ವಿಟಮಿನ್ ಮಾತ್ರೆ ಬಿಟ್ಟು ತಿಂಗಳುಗಳಾಗಿದ್ದವು. ರಕ್ತಪರೀಕ್ಷೆಯಲ್ಲಿ ಬಿ12 ತೀರಾ ಕಡಿಮೆ ಬಂತು, ವೈದ್ಯರು ಇಂಜೆಕ್ಷನ್ ಶುರುಮಾಡಿದರು.

ಎರಡನೆಯದು ಖಿನ್ನತೆಯ ಮಾತ್ರೆ. ಇವರು ವರ್ಷಗಳಿಂದ ನುಂಗುತ್ತಿದ್ದುದು ನಿಧಾನವಾಗಿ ಕರಗುವ ಬಗೆಯ ಕ್ಯಾಪ್ಸೂಲ್. ದಾರಿ ಬದಲಾದ ಕರುಳಿನಲ್ಲಿ ಅಂಥದ್ದರ ಔಷಧಿ ಪೂರ್ತಿ ರಕ್ತಕ್ಕೆ ಸೇರದೆ ಹೋಗಬಹುದು. ಸಾಲದ್ದಕ್ಕೆ "ಸಣ್ಣಗಾದೆನಲ್ಲ, ಇನ್ನೇಕೆ" ಎಂದು ತಾವೇ ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿದ್ದರು. ಮನೋವೈದ್ಯರು ಸಾಧಾರಣ ಮಾತ್ರೆಗೆ ಬದಲಿಸಿ ಪ್ರಮಾಣ ಗೊತ್ತುಮಾಡಿದರು. ಇದು ವೈದ್ಯರ ಕೆಲಸ. ಕ್ಯಾಪ್ಸೂಲನ್ನು ಮನೆಯಲ್ಲೇ ಬಿಡಿಸಿ, ಪುಡಿಮಾಡಿ ನುಂಗಬಾರದು.

ದಿನಗಟ್ಟಲೆ ವಾಂತಿಯಾಗಿ, ಜೊತೆಗೆ ನಡಿಗೆ ತೂರಾಡಿದರೆ, ಕಣ್ಣಿಗೆ ಎರಡೆರಡು ಕಂಡರೆ, ಗೊಂದಲವಾದರೆ ಅದು ಆಪ್ತಸಲಹೆಯ ವಿಷಯವೇ ಅಲ್ಲ. ಥಯಾಮಿನ್ (ವಿಟಮಿನ್ ಬಿ1) ಕೊರತೆ ಮಿದುಳಿಗೆ ತಟ್ಟಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮಧ್ಯಾಹ್ನದ ಹೊತ್ತು ಎದೆ ಹೊಡೆದುಕೊಂಡು, ಬೆವೆತು, ಕೈ ನಡುಗುತ್ತಿತ್ತು. ಪ್ಯಾನಿಕ್ (ದಿಢೀರನೆ ಬರುವ ತೀವ್ರ ಗಾಬರಿ) ಎಂದೇ ನಂಬಿದ್ದರು. ಊಟದ ಸಮಯ, ತಿಂದದ್ದು, ನಡುಕ ಬಂದ ಸಮಯ ಬರೆದಿಡಲು ಹೇಳಿದೆವು. ಮನೆಯಲ್ಲಿದ್ದ ಗ್ಲುಕೋಮೀಟರಿನಲ್ಲಿ ಆಗಲೇ ರಕ್ತ ನೋಡಲು ಹೇಳಿದೆವು. ಸಿಹಿ ತಿಂದ ಎರಡು ಗಂಟೆಗೆ ಸಕ್ಕರೆ 52ಕ್ಕೆ ಇಳಿದಿತ್ತು! ಬೈಪಾಸ್ ಆದವರಲ್ಲಿ ಊಟವಾದ 1ರಿಂದ 3 ಗಂಟೆಯೊಳಗೆ ಹೀಗಾಗುವುದುಂಟು. ಬರೆದಿಟ್ಟ ಆ ಪುಸ್ತಕ ವೈದ್ಯರ ಕೈಸೇರಿತು. ಸಿಹಿ ಪಾನೀಯ ಬಿಟ್ಟು, ಪ್ರೋಟೀನ್ ಮೊದಲು ತಿಂದು, ಸ್ವಲ್ಪ ಸ್ವಲ್ಪವಾಗಿ ಉಣ್ಣತೊಡಗಿದ ಮೇಲೆ "ಪ್ಯಾನಿಕ್" ಅಪರೂಪವಾಯಿತು.

ಇಷ್ಟಾದ ಮೇಲೂ ಉಳಿದದ್ದು ನಿಜವಾದ ದುಃಖ. ಮಕ್ಕಳು ಮಲಗಿದ ಮೇಲೆ ಒಬ್ಬರೇ ಕುಳಿತು ತಿನ್ನುತ್ತಿದ್ದ ಆ ಅರ್ಧ ಗಂಟೆಯೇ ಇವರಿಗೆ ದಿನದ ಏಕೈಕ ಬಿಡುವಾಗಿತ್ತು. ಶಸ್ತ್ರಚಿಕಿತ್ಸೆ ತಿಂಡಿಯನ್ನು ಕಿತ್ತುಕೊಂಡಿತು, ಬಿಡುವೂ ಅದರ ಜೊತೆ ಹೋಯಿತು. ಹಾಗಾಗಿ "ವಾಕಿಂಗ್ ಮಾಡಿ" ಎಂದಷ್ಟೇ ಹೇಳಿದರೆ ಕೆಲಸಕ್ಕೆ ಬಾರದು. ಅದೇ ಅರ್ಧ ಗಂಟೆಯನ್ನು ಮರಳಿ ಕೊಡಿಸುವುದು ಮುಖ್ಯ: ಅಡುಗೆಮನೆಯಿಂದ ದೂರ, ಬಾಗಿಲು ಹಾಕಿಕೊಂಡು, ಯಾರಿಗೂ ಲೆಕ್ಕ ಕೊಡದ ಸಮಯ. ಇವರು ಬಿಟ್ಟುಹೋಗಿದ್ದ ಕಸೂತಿಯನ್ನು ಹಿಡಿದರು. ಆ ಜಾಗಕ್ಕೆ ಮದ್ಯ ಬಾರದಂತೆ ಎಚ್ಚರಿಸುವುದೂ ಅಗತ್ಯ. ಬೈಪಾಸ್ ಆದವರಿಗೆ ಅದೇ ಪ್ರಮಾಣದ ಮದ್ಯ ಬೇಗ ಏರುತ್ತದೆ, ಚಟವಾಗುವ ಸಾಧ್ಯತೆಯೂ ಹೆಚ್ಚು.

ತೂಕದ ಪುಸ್ತಕ ತರಿಸಿದಾಗ ಒಂದೇ ದಿನ ಐದು ಸಲ ಬರೆದದ್ದಿತ್ತು. ಬೆಳಗ್ಗೆಗಿಂತ ಸಂಜೆಗೆ 400 ಗ್ರಾಂ ಹೆಚ್ಚು, ಪಕ್ಕದಲ್ಲಿ "ಮತ್ತೆ ಸೋತೆ". ಅದು ಕುಡಿದ ನೀರು, ಉಂಡ ಊಟದ ಭಾರ. ವಾರಕ್ಕೊಮ್ಮೆ, ಬೆಳಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು ತೂಗಿ ಎಂದೆವು. ಉಳಿದ ದಿನ ಯಂತ್ರ ಅಟ್ಟದ ಮೇಲೆ. ಶಸ್ತ್ರಚಿಕಿತ್ಸೆಯಾದ ವರ್ಷದ ಆಸುಪಾಸಿನಲ್ಲಿ ತೂಕದ ಇಳಿಕೆ ನಿಲ್ಲುವುದು ಸಾಮಾನ್ಯ ಎಂಬುದನ್ನು ಅವರಿಗೆ ಮೊದಲೇ ಯಾರೂ ಹೇಳಿರಲಿಲ್ಲವಂತೆ.

ಗಂಡನನ್ನೂ ಒಂದು ಸಲ ಕರೆಸಿದೆವು. ಮೈಯ ಬಗ್ಗೆ, ಹೊಗಳಿಕೆಯೇ ಆದರೂ, ಮಾತು ಬೇಡ, "ಇವತ್ತು ಹೇಗಿತ್ತು?" ಎಂದು ಕೇಳಿ ಸುಮ್ಮನೆ ಕೇಳಿಸಿಕೊಳ್ಳಿ ಎಂದೆವು. ಮನುಷ್ಯ ಕೆಟ್ಟವರಲ್ಲ, ಹೆದರಿದ್ದರು.

ಹತ್ತು ವಾರಕ್ಕೆ ಅಂಕ 8ಕ್ಕೆ ಇಳಿಯಿತು, ಒಂಬತ್ತನೇ ಪ್ರಶ್ನೆಗೆ ಸೊನ್ನೆ. ಹೊಟ್ಟೆಯ ಮೇಲೆ ಜೋತ ಚರ್ಮದ ಸಂಕಟ ಹಾಗೇ ಇದೆ. ಅದರ ಶಸ್ತ್ರಚಿಕಿತ್ಸೆಯ ನಿರ್ಧಾರವನ್ನು ತೂಕ ಸ್ಥಿರವಾಗುವವರೆಗೆ ಮುಂದೂಡಿದ್ದಾರೆ. ಬೈಪಾಸ್ ಆದವರಲ್ಲಿ ಸ್ವಹಾನಿಯ ಅಪಾಯ ಎರಡು, ಮೂರನೇ ವರ್ಷದಲ್ಲೂ ಇರುವುದರಿಂದ ಭೇಟಿಯನ್ನು ನಿಲ್ಲಿಸಿಲ್ಲ, ತಿಂಗಳಿಗೊಮ್ಮೆ ಇಟ್ಟುಕೊಂಡಿದ್ದೇವೆ.