ತಾಳ ತಪ್ಪದ ಏಳು ಗ್ರಹಗಳು

ಪ್ರಶ್ನೆ: ಟ್ರಾಪಿಸ್ಟ್-1 ನಕ್ಷತ್ರದ ಏಳು ಗ್ರಹಗಳ ಪರಿಭ್ರಮಣೆಯಲ್ಲಿ ಒಂದು ಲೆಕ್ಕಾಚಾರವಿದೆ ಎಂದು ಓದಿದೆ. ಇದು ಕಾಕತಾಳೀಯವೇ?

ಉತ್ತರ: ಖಂಡಿತ ಅಲ್ಲ. ಸುಮಾರು 40 ಜ್ಯೋತಿರ್ವರ್ಷ ದೂರದ ಈ ಪುಟ್ಟ ಕೆಂಪು ನಕ್ಷತ್ರವನ್ನು ತೀರ ಒಳಗಿನ ಗ್ರಹವು 8 ಸಲ ಸುತ್ತುವಷ್ಟರಲ್ಲಿ ಎರಡನೆಯದು ಹೆಚ್ಚುಕಡಿಮೆ 5 ಸಲ, ಮೂರನೆಯದು 3 ಸಲ, ನಾಲ್ಕನೆಯದು 2 ಸಲ ಸುತ್ತಿರುತ್ತವೆ. ಇದನ್ನೇ ಕಕ್ಷೀಯ ಅನುರಣನೆ ಎನ್ನುತ್ತಾರೆ.

ಗ್ರಹಗಳು ರೂಪುಗೊಳ್ಳುವಾಗ ನಕ್ಷತ್ರವನ್ನು ಅನಿಲ ಮತ್ತು ಧೂಳಿನ ತಟ್ಟೆಯೊಂದು ಸುತ್ತುವರಿದಿರುತ್ತದೆ. ಅದರೊಡನೆ ನಡೆಯುವ ಗುರುತ್ವದ ಎಳೆದಾಟದಿಂದ ಗ್ರಹಗಳು ನಿಧಾನವಾಗಿ ಒಳಕ್ಕೆ ಸರಿಯುತ್ತಾ, ಮೊದಲನೆಯದು ತಟ್ಟೆಯ ಒಳ ಅಂಚಿನ ಬಳಿ ನಿಂತಾಗ ಹಿಂದಿನವು ಒಂದೊಂದಾಗಿ ಇಂಥ ಸರಳ ಅನುಪಾತಗಳಲ್ಲಿ ಸಿಲುಕಿಕೊಳ್ಳುತ್ತವೆ ಎಂಬುದು ಪ್ರಚಲಿತ ವಿವರಣೆ.

ಈ ಸರಪಳಿಯನ್ನು ನಂಬಬಹುದೆಂಬುದಕ್ಕೆ ನನಗೆ ಮೆಚ್ಚಿನ ಪುರಾವೆಯೊಂದಿದೆ: ಏಳನೆಯ ಗ್ರಹವು ನಕ್ಷತ್ರದ ಮುಂದೆ ಹಾದುದು ಮೊದಲಿಗೆ ಒಮ್ಮೆ ಮಾತ್ರ ಕಂಡಿತ್ತು, ಉಳಿದವುಗಳ ಅನುಪಾತದಿಂದ ಅಂದಾಜಿಸಿದ ಸುಮಾರು 18.8 ದಿನಗಳ ಅವಧಿಯನ್ನು 2017ರಲ್ಲಿ ಕೆಪ್ಲರ್ ದೂರದರ್ಶಕದ ದತ್ತಾಂಶ ದೃಢಪಡಿಸಿತು.

ಆದರೆ ಬಹುಗ್ರಹ ವ್ಯವಸ್ಥೆಗಳಲ್ಲಿ ಹೆಚ್ಚಿನವು ಹೀಗಿಲ್ಲ. ಅನಿಲ ಚದುರಿದ ಬಳಿಕ ಗ್ರಹಗಳ ಪರಸ್ಪರ ಸೆಳೆತ, ಡಿಕ್ಕಿಗಳಿಂದ ಬಹುಪಾಲು ಸರಪಳಿಗಳು ಕಡಿದುಹೋಗಿರಬೇಕು.