ನೂರನೆಯ ಚಾಕು ಸಿಕ್ಕ ಮೇಲೆ ಏನು?

ಓದುಗರೊಬ್ಬರ ಪತ್ರ: "ಹದಿನಾಲ್ಕು ವರ್ಷದಿಂದ ಚಾಕು ಸಂಗ್ರಹಿಸುತ್ತಿದ್ದೇನೆ. ಈಗ 83 ಇವೆ. ನೂರು ಮಾಡಬೇಕು ಅಂತ ಪಟ್ಟಿ ಬರೆದಿಟ್ಟಿದ್ದೆ, ಇನ್ನೂ 17 ಬಾಕಿ. ಆದರೆ ಆರು ತಿಂಗಳಿಂದ ಒಂದನ್ನೂ ಕೊಂಡಿಲ್ಲ, ಕೊಳ್ಳುವ ಮನಸ್ಸೂ ಇಲ್ಲ. ಇರುವುದರಲ್ಲೇ ಖುಷಿಯಾಗಿದ್ದೇನೆ. 'ಗುರಿ ಇಲ್ಲದ ಸಂಗ್ರಹ ಬರೀ ರಾಶಿ, ತೃಪ್ತಿ ಬಂತು ಅಂದ್ರೆ ಹವ್ಯಾಸ ಸತ್ತ ಹಾಗೆ' ಅಂತ ಜೊತೆಯ ಸಂಗ್ರಾಹಕರು ಹೇಳುತ್ತಾರೆ. ಮೊದಲು ಕೊಂಡ ಎರಡು ಹಳೆಯ ಸೆಲ್ಯುಲಾಯ್ಡ್ (ಹಿಂದಿನ ಕಾಲದ ಒಂದು ಬಗೆಯ ಪ್ಲಾಸ್ಟಿಕ್) ಹಿಡಿಯ ಚಾಕುಗಳೂ ಸೇರಿ ಎಲ್ಲವೂ ಒಂದೇ ಡ್ರಾಯರ್‌ನಲ್ಲಿವೆ. ಆಗಾಗ ತೆಗೆದು ನೋಡುತ್ತೇನೆ. ಗೀರು ಬಿದ್ದೀತು ಅಂತ ಯಾವುದನ್ನೂ ಬಳಸುವುದಿಲ್ಲ. ನನ್ನ ಆಸಕ್ತಿ ಬತ್ತಿಹೋಯಿತಾ?"

ಸಂಪಾದಕರ ಉತ್ತರ:

ನಿಮ್ಮ ಲಕೋಟೆಯನ್ನು ನಾನು ಒಡೆದದ್ದು ಚಾಕುವಿನಿಂದಲೇ. ಫ್ರಾನ್ಸಿನ ಓಪಿನೆಲ್ ಕಂಪನಿಯ 8ನೇ ನಂಬರಿನದು, ಎಂಟೂವರೆ ಸೆಂಟಿಮೀಟರ್ ಅಲಗು, ಬೀಚ್ ಮರದ ಹಿಡಿ. ಬಹಳ ವರ್ಷದಿಂದ ನನ್ನ ಮೇಜಿನ ಮೇಲಿದೆ. ಕಾರ್ಬನ್ ಉಕ್ಕಿನ ಅಲಗು ಈಗ ಮೋಡದ ಬಣ್ಣಕ್ಕೆ ತಿರುಗಿದೆ, ನಡುವೆ ನೀಲಿಯ ಮಚ್ಚೆಗಳಿವೆ. ಹೆಬ್ಬೆರಳು ಕೂರುವ ಜಾಗದಲ್ಲಿ ಹಿಡಿಯ ವಾರ್ನಿಷ್ ಪೂರ್ತಿ ಹೋಗಿ ಮರ ನುಣುಪಾಗಿದೆ. ಇದನ್ನು ಯಾರೂ ಸಂಗ್ರಹಯೋಗ್ಯ ಅನ್ನುವುದಿಲ್ಲ. ಆದರೆ ನನ್ನ ಹತ್ತಿರ ಇರುವ ಹನ್ನೊಂದರಲ್ಲಿ ನನಗೆ ಚೆನ್ನಾಗಿ ಗೊತ್ತಿರುವುದು ಇದೊಂದೇ.

ನಿಮ್ಮ ಆಸಕ್ತಿ ಬತ್ತಿಲ್ಲ, ಅದು ಈಗ ನೆಲೆ ಕಂಡುಕೊಳ್ಳುತ್ತಿದೆ. ಅದಕ್ಕೆ ನೀವು ಗಾಬರಿಯಾಗಿರುವುದೇ ನನಗೆ ಬೇಸರದ ಸಂಗತಿ.

ಪಟ್ಟಿ ಬರೆಯುವವರ ಪರವಾಗಿ ಒಂದು ಮಾತು ಹೇಳಲೇಬೇಕು. ಪಟ್ಟಿ ಇದ್ದರೆ ಕಂಡದ್ದನ್ನೆಲ್ಲ ಕೊಳ್ಳುವ ಚಟ ಕಡಿಮೆಯಾಗುತ್ತದೆ. ಅಲಗಿನ ಮೇಲಿನ ಯಾವ ಮುದ್ರೆ ಯಾವ ವರ್ಷದ್ದು, ಯಾವ ಹಿಡಿ ಆಮೇಲೆ ಬದಲಾಯಿಸಿದ್ದು ಎಂದೆಲ್ಲ ನಮಗೆ ತಿಳಿದಿರುವುದು ಹಟ ಹಿಡಿದು ಸಾಲು ಪೂರ್ತಿ ಮಾಡಿದವರಿಂದ. ಅವರ ಋಣ ಇದೆ. ಇಷ್ಟು ಹೇಳಿ ಮುಂದೆ ಹೋಗುತ್ತೇನೆ.

ಅಮೆರಿಕದ ಕೇಸ್ ಕಂಪನಿ 1970ರಲ್ಲಿ ಅಲಗಿನ ಬುಡದ ಮುದ್ರೆಯ ಕೆಳಗೆ ಹತ್ತು ಚುಕ್ಕೆ ಹಾಕಿತು. ವರ್ಷಕ್ಕೊಂದು ಚುಕ್ಕೆ ತೆಗೆಯುತ್ತಾ ಬಂತು. 1979ಕ್ಕೆ ಉಳಿದದ್ದು ಒಂದೇ. ಯಾವ ವರ್ಷದ ಚಾಕು ಎಂದು ಗುರುತಿಸಲು ಇದು ಒಳ್ಳೆಯ ಉಪಾಯ. ಆದರೆ ಸಂಗ್ರಾಹಕರಿಗೆ ಅದೇ ಒಂದು ಏಣಿಯಾಯಿತು. ನನ್ನ ಸ್ನೇಹಿತರೊಬ್ಬರು ಒಂದೇ ಮಾದರಿಯ ಚಾಕುವನ್ನು ಹತ್ತೂ ಚುಕ್ಕೆಗಳ ಲೆಕ್ಕದಲ್ಲಿ ಕೂಡಿಸಲು ಒಂಬತ್ತು ವರ್ಷ ಓಡಾಡಿದರು. ಕೊನೆಗೆ ಉಳಿದಿದ್ದ ನಾಲ್ಕು ಚುಕ್ಕೆಯದು ಕೈಗೆ ಬಂದ ರಾತ್ರಿ ನನಗೆ ಫೋನ್ ಮಾಡಿದರು. ಖುಷಿಯಲ್ಲಿ ಕೂಗಾಡುತ್ತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ಇನ್ಯಾವ ಮಾದರಿ ಶುರು ಮಾಡಲಿ?" ಅಂದರು. ಆ ಹತ್ತರಲ್ಲಿ ಒಂದರಿಂದಲಾದರೂ ಒಂದು ದಾರ ಕತ್ತರಿಸಿದ್ದೀರಾ ಎಂದು ಕೇಳಿದೆ. ಇಲ್ಲ ಅಂದರು. ಆ ದನಿ ಇನ್ನೂ ಕಿವಿಯಲ್ಲಿದೆ.

ಓಪಿನೆಲ್ ಕಥೆಯೂ ಇದಕ್ಕೆ ಹತ್ತಿರದ್ದು. ಜೋಸೆಫ್ ಓಪಿನೆಲ್ ಫ್ರಾನ್ಸಿನ ಸವಾಯ್ ಪ್ರಾಂತ್ಯದಲ್ಲಿ 1890ರಲ್ಲಿ ಈ ಚಾಕು ಮಾಡಿದ. 1897ರಲ್ಲಿ 1ರಿಂದ 12ರವರೆಗೆ ಅಳತೆಯ ನಂಬರ್ ಕೊಟ್ಟ. 1930ರ ದಶಕದಲ್ಲಿ 1 ಮತ್ತು 11 ನಿಂತುಹೋದವು. 1 ತೀರಾ ಚಿಕ್ಕದು, 11ಕ್ಕೂ ಅದರ ಅಕ್ಕಪಕ್ಕದವಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಅಂದರೆ, ಕೆಲಸ ಮಾಡುವ ಕೈಗೆ ಇದು ಬೇಡ ಎಂದು ತಯಾರಿಸಿದವರೇ ಕೈಬಿಟ್ಟದ್ದು. ಸಾಲು ತುಂಬಿಸಲು ಹೊರಟವನಿಗೆ ಮಾತ್ರ ಅದೇ ಎಲ್ಲಕ್ಕಿಂತ ಜಾಸ್ತಿ ಬೇಕು! ನಿಮ್ಮ ಪಟ್ಟಿಯ 17ರಲ್ಲಿ ಎಷ್ಟು ನಿಮಗೆ ಬೇಕಾದವು, ಎಷ್ಟು ಬರೀ ಖಾಲಿ ಜಾಗಗಳು? ನೋಡಿಕೊಳ್ಳಿ.

ಈಗ ಸ್ವಲ್ಪ ಗದರುತ್ತೇನೆ, ಬೇಜಾರು ಮಾಡ್ಕೋಬೇಡಿ. ನೀವು ಖುಷಿಯಾಗಿದ್ದೀರಿ ಎಂದು ಓದಿ ಸಂತೋಷಪಟ್ಟೆ. ಸ್ವಲ್ಪ ಮುಂದೆ "ಯಾವುದನ್ನೂ ಬಳಸುವುದಿಲ್ಲ" ಎಂದು ಬರೆದಿದ್ದೀರಿ. 83 ಚಾಕು, ಒಂದಕ್ಕೂ ಕೆಲಸ ಇಲ್ಲ! ಗೀರು ಬೀಳಲಿ ಬಿಡಿ. ಅಪರೂಪದ ಹಳೆಯವು ಒಂದೆರಡು ಇದ್ದರೆ ಅವು ಹಾಗೇ ಇರಲಿ. ಉಳಿದವು ನಿಮ್ಮ ಜೊತೆ ಹಳತಾಗಬೇಕು. ಯಾವುದಾದರೂ ಒಂದನ್ನು ಇವತ್ತೇ ಜೇಬಿಗೆ ಹಾಕಿ. ಪೆನ್ಸಿಲ್ ಕೆತ್ತಿ, ಪಾರ್ಸೆಲ್ ಬಿಚ್ಚಿ, ಹಗ್ಗ ಕೊಯ್ಯಿರಿ. ಒಂದು ತಿಂಗಳಲ್ಲಿ ಅದು ಮೊಂಡಾಗುತ್ತದೆ. ನಿಜವಾದ ಹವ್ಯಾಸ ಆಗ ಶುರುವಾಗುತ್ತದೆ.

ಮಸೆಯುವುದು ಗೊತ್ತಿಲ್ಲದಿದ್ದರೆ ಕಲಿಯಿರಿ. ಸಾಣೆಕಲ್ಲನ್ನು ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯ ಮೇಲೆ ಅಲುಗಾಡದಂತೆ ಇಡಿ. ಅಲಗಿನ ಬೆನ್ನನ್ನು ಸ್ವಲ್ಪ ಎತ್ತಿ, ಆ ಎತ್ತರ ಬದಲಾಗದಂತೆ ಎಳೆಯುತ್ತಾ ಹೋಗಿ. ಕಲ್ಲಿನ ಮೇಲೆ ಬೂದು ಬಣ್ಣದ ಕೆಸರು ಏಳುತ್ತದೆ. ಅದನ್ನು ತೊಳೆಯಬೇಡಿ, ಮಸೆಯುವ ಕೆಲಸದಲ್ಲಿ ಅದಕ್ಕೂ ಪಾಲಿದೆ. ಸ್ವಲ್ಪ ಹೊತ್ತಾದ ಮೇಲೆ ಅಲಗಿನ ಆಚೆ ಬದಿಯಲ್ಲಿ, ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಬೆರಳು ಮೆಲ್ಲಗೆ ಸವರಿ. ಕಣ್ಣಿಗೆ ಕಾಣದ ಒಂದು ಎಳೆ ಬೆರಳಿಗೆ ತಡೆಯುತ್ತದೆ. ಅಂಚು ಪೂರ್ತಿ ಮಸೆದು ಉಕ್ಕು ಆಚೆಗೆ ಮಡಿಚಿದೆ ಎಂದು ಅದರ ಅರ್ಥ. ಆಗ ತಿರುಗಿಸಿ ಇನ್ನೊಂದು ಬದಿ. ನನಗೆ ಇಷ್ಟು ಕೈಗೆ ಹತ್ತಲು ಎರಡು ವರ್ಷ ಬೇಕಾಯಿತು. ಈಗಲೂ ಮೊನೆಯ ಹತ್ತಿರ ಬಾಗುವ ಜಾಗದಲ್ಲಿ ಕೋನ ತಪ್ಪುತ್ತದೆ. ಅದೇ ನನ್ನ ಮುಂದಿರುವ ಗುರಿ.

ಹೌದು, ನಾನು ಗುರಿಯ ವಿರೋಧಿಯಲ್ಲ. ದುಡ್ಡು ಕೊಟ್ಟು ಮುಗಿಸಬಹುದಾದ ಗುರಿ ಬೇಡ ಅಂತಷ್ಟೇ ಹೇಳುತ್ತಿರುವುದು. ಒಂದು ಚಾಕುವನ್ನು ಪೂರ್ತಿ ಅರ್ಥ ಮಾಡಿಕೊಳ್ಳುವುದೂ ದೊಡ್ಡ ಗುರಿಯೇ. ಸ್ವಿಟ್ಜರ್ಲೆಂಡಿನ ಚಾಕು ತಯಾರಕ ಕಾರ್ಲ್ ಎಲ್ಸೆನರ್ 1897ರಲ್ಲಿ ನೋಂದಾಯಿಸಿದ ಸ್ವಿಸ್ ಆಫೀಸರ್ ಚಾಕುವಿನಲ್ಲಿ (ಇಂದಿನ ಸ್ವಿಸ್ ಆರ್ಮಿ ಚಾಕುವಿನ ಮೂಲ) ಆರು ಉಪಕರಣಗಳಿದ್ದವು. ಅವನ್ನೆಲ್ಲ ಹಿಡಿದು ನಿಲ್ಲಿಸುವುದಕ್ಕೆ ಇದ್ದ ಸ್ಪ್ರಿಂಗ್ ಎರಡೇ. ಒಂದೇ ಸ್ಪ್ರಿಂಗ್ ಬೆನ್ನಿನ ಕಡೆಯದನ್ನೂ ಹೊಟ್ಟೆಯ ಕಡೆಯದನ್ನೂ ತಡೆಯುತ್ತದೆ. ಇಂಥದ್ದೊಂದು ನಿಮ್ಮ ಡ್ರಾಯರ್‌ನಲ್ಲೂ ಇರಬಹುದು. ನಿಧಾನಕ್ಕೆ ತೆರೆದು, ಆ ಸ್ಪ್ರಿಂಗ್ ಏಳುವುದನ್ನು ಎಂದಾದರೂ ನೋಡಿದ್ದೀರಾ? 84ನೆಯದರ ಯೋಚನೆಯಲ್ಲಿದ್ದರೆ ಅದು ಕಣ್ಣಿಗೆ ಬೀಳುವುದಿಲ್ಲ.

ಉಕ್ಕಿನ ಹೆಸರುಗಳ ಹಿಂದೆ ಓಡುವವರಿಗೂ ಇದನ್ನೇ ಹೇಳುತ್ತೇನೆ. ಇಂಗ್ಲೆಂಡಿನ ಲೋಹತಜ್ಞ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಶೆಫೀಲ್ಡ್‌ನಲ್ಲಿ ಶೇ. 13ರ ಹತ್ತಿರ ಕ್ರೋಮಿಯಂ ಇದ್ದ, ತುಕ್ಕು ಹಿಡಿಯದ ಉಕ್ಕು ಮಾಡಿದ. ಚಾಕು ತಯಾರಕರು ನಂಬಲಿಲ್ಲ. ಅದು ಗಡುಸು, ತಿದ್ದಲು ಬಗ್ಗದು ಎಂದು ದೂರಿದರು. ಅರ್ನೆಸ್ಟ್ ಸ್ಟುವರ್ಟ್ ಎಂಬ ಕುಶಲಕರ್ಮಿ ಹಿಡಿದು ಕೂತು, ಮೂರನೆಯ ಪ್ರಯತ್ನದಲ್ಲಿ ಅದನ್ನು ಪಳಗಿಸಿದ. ಉಕ್ಕು ಬದಲಾಗಿರಲಿಲ್ಲ, ಕಾಯಿಸಿ ಹದ ಮಾಡುವುದು ಕೈಗೆ ಬಂದಿತ್ತು. ಇವತ್ತು ನೋಡಿ, ವರ್ಷ ವರ್ಷ ಹೊಸ ಅಕ್ಷರ, ಹೊಸ ಅಂಕಿಯ ಉಕ್ಕು. ಎಸ್30ವಿ ಅನ್ನುವ ಉಕ್ಕು ಬಂದದ್ದು 2001ರಲ್ಲಿ. ಆಗ ಅದು ಎಲ್ಲರ ಕನಸು. ಈಗ ಅದನ್ನು ಹಳೆಯದು ಅಂತ ಮೂಗು ಮುರಿಯುತ್ತಾರೆ. ನಮ್ಮ ಚಾಕುಗಳು ಮೊಂಡಾಗುವ ಮೊದಲೇ ಹಳತಾಗುತ್ತಿವೆ.

ಚಾಕುವಿನ ಮಾತು ಬಿಡಿ. ಓದುವವರು ವರ್ಷಕ್ಕೆ ಇಷ್ಟು ಪುಸ್ತಕ ಅಂತ ಲೆಕ್ಕ ಇಡುತ್ತಾರೆ. ನಡೆಯುವವರು ಹೆಜ್ಜೆ ಎಣಿಸುತ್ತಾರೆ. ಚಿತ್ರ ಬರೆಯುವ ಮಗುವನ್ನು "ಮುಂದೆ ಏನು ಮಾಡ್ತೀಯಾ ಇದರಲ್ಲಿ?" ಅಂತ ಕೇಳುತ್ತೇವೆ. ಆಫೀಸಿನ ಟಾರ್ಗೆಟ್ ಅನ್ನುವ ಮಾತು ನಮ್ಮ ಬಿಡುವಿನ ಹೊತ್ತಿಗೂ ನುಗ್ಗಿಬಿಟ್ಟಿದೆ. ಸುಮ್ನೆ ಒಂದು ವಸ್ತುವನ್ನು ಕೈಯಲ್ಲಿ ಹಿಡಿದು ಕೂರುವ ಮನುಷ್ಯ ಸೋಮಾರಿಯಂತೆ ಕಾಣುತ್ತಾನೆ. "ಸಾಕು" ಅಂದವನಿಗೆ ಏನೋ ಕಾಯಿಲೆ ಇರಬೇಕು ಎನ್ನುವ ಹಾಗೆ ನೋಡುತ್ತಾರೆ. ನನಗೆ ಇದು ತುಂಬ ನೋವಿನ ವಿಷಯ. ನಿಮ್ಮಂಥ ಸಮಾಧಾನಿಗಳೂ ಆರು ತಿಂಗಳು ಏನೂ ಕೊಳ್ಳದೆ ಇದ್ದದ್ದಕ್ಕೆ ತಪ್ಪಿತಸ್ಥರಂತೆ ಪತ್ರ ಬರೆಯಬೇಕಾಯಿತಲ್ಲ! ನಿಮ್ಮ ಜೊತೆಯವರು ಒಳ್ಳೆಯವರೇ ಇರಬಹುದು. ಅವರ ಮಾತನ್ನು ಮಾತ್ರ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಪಟ್ಟಿಯನ್ನು ಹರಿಯುವುದೂ ಬೇಡ, ಮಡಚಿ ಡ್ರಾಯರ್‌ನ ತಳಕ್ಕೆ ಹಾಕಿ.

ಡ್ರಾಯರ್ ಅಂದಾಗ ನೆನಪಾಯಿತು, ಪತ್ರದಲ್ಲಿ ನನ್ನ ಎದೆ ಧಸಕ್ ಅನಿಸಿದ್ದು ಆ ಸೆಲ್ಯುಲಾಯ್ಡ್ ಹಿಡಿಗಳ ಸಾಲು ಓದಿದಾಗ. ಹಳೆಯ ಸೆಲ್ಯುಲಾಯ್ಡ್ ಒಳಗಿಂದಲೇ ಕೊಳೆಯಲು ಶುರುವಾದರೆ ಆಮ್ಲದ ಹೊಗೆ ಬಿಡುತ್ತದೆ. ತನ್ನ ಅಲಗನ್ನಷ್ಟೇ ಅಲ್ಲ, ಪಕ್ಕದಲ್ಲಿರುವ ಚಾಕುಗಳಿಗೂ ತುಕ್ಕು ಹಿಡಿಸುತ್ತದೆ. ನಾನು ಹೀಗೆ ಒಂದು ಒಳ್ಳೆಯ ಮಡಚುವ ಚಾಕು ಕಳೆದುಕೊಂಡಿದ್ದೇನೆ. ಹಿಡಿಯಲ್ಲಿ ಸಣ್ಣ ಬಿರುಕು, ಕರ್ಪೂರದಂಥ ಅಥವಾ ಹುಳಿ ವಾಸನೆ, ಹಿತ್ತಾಳೆಯ ಮೇಲೆ ಹಸಿರು ಕಿಲುಬು ಇದೆಯಾ ನೋಡಿ. ಇರಲಿ ಬಿಡಲಿ, ಆ ಎರಡನ್ನೂ ಬೇರೆ ತೆಗೆದು ಗಾಳಿಯಾಡುವ ಕಡೆ ಇಡಿ, ಬೆಂಕಿಯಿಂದ ದೂರ ಇರಲಿ. ಚರ್ಮದ ಒರೆಯಲ್ಲಿ ಇಟ್ಟಿರುವವನ್ನೂ ಹೊರಗೆ ತೆಗೆಯಿರಿ, ಚರ್ಮ ತೇವ ಹಿಡಿದು ಅಲಗನ್ನು ತಿನ್ನುತ್ತದೆ. ಉಳಿದವಕ್ಕೆ ತೆಳ್ಳಗೆ ಎಣ್ಣೆ ಒರೆಸಿ. ಜೇಬಿಗೆ ಯಾವುದನ್ನು ಆರಿಸಿಕೊಂಡಿರಿ ಎಂದು ಮರೆಯದೆ ಬರೆಯಿರಿ, ಕಾಯುತ್ತಿರುತ್ತೇನೆ.